ಗುಂಡಿ ಒತ್ತುವ ಮೊದಲು

ಮಗು, ಸೆಕೆಂಡ್ ಪಿಯುಸಿ ಮುಗಿಸಿ ಊರಿಗೆ ಬಂದಿದ್ದೀಯ. ಕಂಪ್ಯೂಟರ್ ಕೋರ್ಸಿಗೆ ಸೇರ್ತೀನಿ ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ, ಬಹಳ ಸಂತೋಷವಾಯಿತು. ಆದರೆ ಕೋರ್ಸು ಶುರುವಾಗುವ ಮೊದಲೇ ನಿನಗೆ ಕೆಲಸ ಶುರುವಾಗಿಬಿಟ್ಟಿದೆ, ಗಮನಿಸಿದೆಯೋ ಇಲ್ಲವೋ. ಪೆನ್ಶನ್ ಬಾರದವರು ಪಾಸ್‌ಬುಕ್ ಹಿಡಿದು ನಿನ್ನ ಜಗುಲಿಗೆ ಬರುತ್ತಿದ್ದಾರೆ. ಗೃಹಲಕ್ಷ್ಮಿ ದುಡ್ಡು ಬಿತ್ತೇ ಎಂದು ಕೇಳುವವರು, ಪಹಣಿ ತೆಗೆದುಕೊಡು ಎನ್ನುವವರು, ಮೊಬೈಲಿಗೆ ಏನೋ ಮೆಸೇಜು ಬಂದಿದೆ ನೋಡವ್ವ ಎನ್ನುವವರು. ‘ನಮ್ಮ ಹುಡುಗಿ ಓದಿದಾಳೆ, ಅವಳೇ ನೋಡ್ತಾಳೆ ಬಿಡಿ’ ಎಂದು ಬೀದಿಯೇ ತೀರ್ಮಾನ ಮಾಡಿಬಿಟ್ಟಿದೆ. ಪಟ್ಟಣದಲ್ಲಿ ಕಂಪ್ಯೂಟರ್ ಕಲಿತವರು ತಮ್ಮ ಕೆಲಸಕ್ಕೆ ಕಲಿಯುತ್ತಾರೆ. ನಮ್ಮ ರುದ್ರಪಟ್ಟಣದಂಥ ಊರಿನಲ್ಲಿ ಒಬ್ಬಳು ಕಲಿತರೆ ಹತ್ತು ಮನೆಯ ಕಾಗದಪತ್ರ ಅವಳ ಕೈಗೆ ಬಂದು ಬೀಳುತ್ತದೆ.

ಅದಕ್ಕೇ ಈ ಮಾತು. ಯಾವ ಗುಂಡಿ ಎಲ್ಲಿದೆ ಎಂಬುದನ್ನು ಆಮೇಲೆ ಕಲಿ. ಅದು ವರ್ಷಕ್ಕೊಮ್ಮೆ ಜಾಗ ಬದಲಾಯಿಸುತ್ತಲೇ ಇರುತ್ತದೆ. ಒತ್ತಿದಾಗ ಒಳಗೆ ಏನಾಗುತ್ತದೆ, ನೀನು ಬರೆದದ್ದು ಎಲ್ಲಿ ಹೋಗಿ ಕೂರುತ್ತದೆ, ಅದನ್ನು ತೆರೆಯುವ ಅಧಿಕಾರ ಯಾರಿಗಿದೆ, ಇದು ಮೊದಲು ತಿಳಿಯಲಿ. ನಾನು ಕಂದಾಯದ ಕೆಲಸದಲ್ಲಿ ಕೈಬರಹದ ಕಾಲದಲ್ಲಿ ಸೇರಿ ಕಂಪ್ಯೂಟರ್ ಕಾಲದಲ್ಲಿ ನಿವೃತ್ತನಾದವನು. ಗುಂಡಿ ಬಾಯಿಪಾಠ ಮಾಡಿದವರು ಪರದೆ ಬದಲಾದ ದಿನ ಕೈಕಟ್ಟಿ ಕೂತದ್ದನ್ನೂ, ಒಳಗಿನ ಲೆಕ್ಕ ತಿಳಿದವರು ಅರ್ಧ ಗಂಟೆಯಲ್ಲಿ ಹೊಂದಿಕೊಂಡದ್ದನ್ನೂ ನೋಡಿದ್ದೇನೆ.

ಸಂಗೀತದ ಊರಿನವಳಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಇದು; ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್, ತಾರಾನಾಥನ್ ಅವರ ಊರು; ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತೆಗಳ ಮಂದಿರ ಕಟ್ಟಿಸಿದ ಊರು. ಇಲ್ಲಿ ಯಾವ ಮಗುವಿಗೂ ಮೊದಲ ದಿನವೇ ಕೀರ್ತನೆ ಹೇಳಿಕೊಡುವುದಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ ಆದಮೇಲೆಯೇ ಗೀತೆ. ಕಂಪ್ಯೂಟರಿನಲ್ಲೂ ಸರಳೆ ವರಸೆ ಇದೆ. ತರಬೇತಿ ಕೇಂದ್ರಗಳಲ್ಲಿ ಅದನ್ನು ಹಾರಿಸಿ ನೇರವಾಗಿ ಕೀರ್ತನೆಗೆ ಹೋಗುತ್ತಾರೆ, ನನಗೆ ಅದೇ ಚಿಂತೆ.

ಊರಿನ ಹೆಸರಿನಿಂದಲೇ ಶುರುಮಾಡು. ‘ರುದ್ರಪಟ್ಟಣ’ ಎಂದು ಟೈಪ್ ಮಾಡು. ಕಣ್ಣಿಗೆ ಕಾಣುವುದು ಐದು ಅಕ್ಷರ: ರು, ದ್ರ, ಪ, ಟ್ಟ, ಣ. ಕಂಪ್ಯೂಟರಿನೊಳಗೆ ಅಕ್ಷರ ಅನ್ನುವುದೇ ಇಲ್ಲ, ಇರುವುದು ಸಂಖ್ಯೆ ಮಾತ್ರ. ರಕಾರಕ್ಕೆ 3248, ಅದರ ಕೊಂಬಿಗೆ 3265. ದಕಾರಕ್ಕೆ ಒಂದು, ಅದನ್ನು ಅರ್ಧ ಮಾಡುವ ಅರ್ಧಾಕ್ಷರದ ಚಿಹ್ನೆಗೆ ಒಂದು, ಕೆಳಗಿನ ಒತ್ತಿಗೆ ಮತ್ತೆ ಅದೇ ರಕಾರದ 3248. ಹೀಗೆ ಎಣಿಸಿದರೆ ಐದು ಅಕ್ಷರದ ಹೆಸರು ಒಳಗೆ ಹತ್ತು ಸಂಖ್ಯೆಗಳ ಸಾಲು. ಅನುಮಾನವಿದ್ದರೆ ‘ಟ್ಟ’ ಎಂದಷ್ಟೇ ಬರೆದು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತು: ಇಡೀ ಅಕ್ಷರ ಹೋಗುವುದಿಲ್ಲ, ‘ಟ್’ ಉಳಿಯುತ್ತದೆ. ನೀನು ಅಳಿಸಿದ್ದು ಒಂದು ಸಂಖ್ಯೆಯನ್ನು.

ಈ ಸಂಖ್ಯೆಗಳನ್ನು ಹಂಚಿಕೊಟ್ಟಿರುವುದು ಯೂನಿಕೋಡ್ ಎಂಬ ಜಾಗತಿಕ ಒಪ್ಪಂದ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು: 3200ರಿಂದ 3327ರವರೆಗೆ 128 ಮನೆಗಳು. ಜಗತ್ತಿನ ಯಾವ ಮೂಲೆಯ ಯಾವ ಫೋನಿನಲ್ಲಿ ತೆರೆದರೂ 3248 ಎಂದರೆ ರಕಾರವೇ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಹಾಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿತ್ತು, ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೀಟು, ಚುಕ್ಕೆ ಇಟ್ಟಂಥ ಕಸ ಕಾಣುತ್ತಿತ್ತು. ಕಚೇರಿಗಳಲ್ಲಿ ‘ನುಡಿ’ ತಂತ್ರಾಂಶದಲ್ಲಿ ಬರೆದ ಹಳೆಯ ಕಡತಗಳು ಇವತ್ತಿಗೂ ನಿನ್ನ ಫೋನಿನಲ್ಲಿ ಹಾಗೆ ಕಾಣುವುದು ಇದೇ ಕಾರಣಕ್ಕೆ. ಫೈಲು ಕೆಟ್ಟಿದೆ ಎಂದು ಬಿಸಾಡಬೇಡ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಅದರಲ್ಲಿ ಹಾಕಿದರೆ ಹಳೆಯ ಬರಹ ಜೀವ ಪಡೆಯುತ್ತದೆ. ನೀನು ಹೊಸದಾಗಿ ಏನು ಬರೆದರೂ ಯೂನಿಕೋಡಿನಲ್ಲೇ ಬರೆ.

ಟೈಪಿಂಗ್ ವಿಷಯಕ್ಕೆ ಇಲ್ಲೇ ಬಂದುಬಿಡುತ್ತೇನೆ. ಫೋನಿನಲ್ಲಿ ‘ನಮಸ್ಕಾರ’ವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಒತ್ತಿ ಅದು ಕನ್ನಡ ಮಾಡಿಕೊಡುವುದನ್ನು ಕಾಯುವ ಅಭ್ಯಾಸ ನಿನಗಿದೆ. ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯವೂ ಇದೆ. ಇರಲಿ, ಆದರೆ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಕಲಿತುಕೋ. ಕನ್ನಡದ ಒಂದು ಮೂಲಾಕ್ಷರಕ್ಕೆ ಒಂದು ಕೀಲಿ, ಚಿಹ್ನೆಗೆ ಒಂದು ಕೀಲಿ, ಅಕ್ಷರ ಅರ್ಧವಾಗಬೇಕಾದಲ್ಲಿ ಎಫ್. ನಮ್ಮ ಊರು ಬರೆಯಲು ಆರ್, ಯು, ಡಿ, ಎಫ್, ಆರ್, ಪಿ, ಕ್ಯೂ, ಎಫ್, ಕ್ಯೂ, ಕೊನೆಗೆ ಶಿಫ್ಟ್ ಹಿಡಿದು ಎನ್. ಎಣಿಸಿ ನೋಡು: ಹತ್ತು ಹೊಡೆತ. ಒಳಗಿನ ಸಂಖ್ಯೆಗಳೂ ಹತ್ತೇ! ಕನ್ನಡದ ವ್ಯಾಕರಣವನ್ನೇ ಬೆರಳಿಗೆ ಇಳಿಸಿದ ಆ ಹಿರಿಯರ ಬುದ್ಧಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಸರ್ಕಾರ ಒಪ್ಪಿದ ವಿನ್ಯಾಸ ಇದರ ಮೇಲೇ ನಿಂತಿದೆ, ನುಡಿಯಲ್ಲಿರುವುದೂ ಅದೇ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶ ತಂದ ಮೇಲೆ ಸಾಮಾನ್ಯ ಜನಕ್ಕೂ ಕಂಪ್ಯೂಟರಿನಲ್ಲಿ ಕನ್ನಡ ಕೈಗೆಟುಕಿತು. ಇವರೆಲ್ಲ ದುಡಿಯದೆ ಹೋಗಿದ್ದರೆ ನಿನ್ನ ಅಜ್ಜಿಯ ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತಿತ್ತು.

ಅಕ್ಷರಕ್ಕೆ ಇಷ್ಟು ಸಮಯ ಯಾಕೆ ಕೊಟ್ಟೆ ಎಂದರೆ, ನಿನ್ನ ಹತ್ತಿರ ಬರುವ ಅರ್ಧ ತಾಪತ್ರಯಗಳ ಬೇರು ಅಲ್ಲೇ ಇದೆ. ಉದಾಹರಣೆಗೆ ಒಬ್ಬ ರೈತರ ಹೆಸರು ಪಹಣಿಯಲ್ಲಿ ‘ರಂಗೇಗೌಡ’ ಅಂತಿದೆ, ಇನ್ನೊಂದು ದಾಖಲೆಯಲ್ಲಿ ‘ರಂಗೆಗೌಡ’ ಅಂತಿದೆ ಎಂದಿಟ್ಟುಕೋ. ನಿನಗೂ ನನಗೂ ಅವರು ಒಬ್ಬರೇ, ಊರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ಎಕಾರದ ಚಿಹ್ನೆ 3270, ಏಕಾರದ್ದು 3271. ಸಂಖ್ಯೆ ಬೇರೆಯಾದರೆ ಮನುಷ್ಯನೇ ಬೇರೆ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡಿದ್ದರೂ ಅಷ್ಟೇ, ಅದಕ್ಕೂ ಒಂದು ಸಂಖ್ಯೆ ಇದೆ. ತಂದೆಯ ಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ; ಇನಿಶಿಯಲ್ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ; ಬ್ಯಾಂಕಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಮೂರನೆಯ ತರ. ಪಿಎಂ ಕಿಸಾನ್ ಕಂತು ಬರಲಿಲ್ಲ, ಬೆಳೆವಿಮೆ ಅರ್ಜಿ ತಿರಸ್ಕಾರವಾಯಿತು ಎಂದು ಬಂದವರ ಮುಂದೆ ‘ಸರ್ವರ್ ಸರಿಯಿಲ್ಲ’ ಎಂದು ಹೇಳಿ ಕಳಿಸಬೇಡ. ಆಧಾರ್, ಪಹಣಿ, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಓದು. ವ್ಯತ್ಯಾಸ ಸಿಕ್ಕಿದರೆ ಯಾವುದನ್ನು ಎಲ್ಲಿ ತಿದ್ದಿಸಬೇಕೆಂದು ಚೀಟಿಯಲ್ಲಿ ಬರೆದುಕೊಡು: ಆಧಾರಿನದಾದರೆ ಆಧಾರ್ ಕೇಂದ್ರ, ಪಹಣಿಯದಾದರೆ ನಾಡಕಚೇರಿ ಇಲ್ಲವೇ ಅರಕಲಗೂಡಿನ ತಾಲ್ಲೂಕು ಕಚೇರಿ.

ಪಹಣಿಯ ಮಾತು ಬಂತು. ಕೈಬರಹದ ಪಹಣಿಯ ಕಾಲದಲ್ಲಿ ಪುಸ್ತಕ ಗ್ರಾಮ ಲೆಕ್ಕಿಗರ ಹತ್ತಿರ ಇರುತ್ತಿತ್ತು. ಅವರು ಊರಿಗೆ ಬಂದ ದಿನವೇ ಬೇಸಾಯಗಾರನಿಗೆ ಪಹಣಿ. ಹೊಡೆದುಹಾಕಿ ಬರೆದದ್ದು, ಮೇಲೊಂದು ಗೀಟು, ಪಕ್ಕದಲ್ಲೊಂದು ಸಹಿ. ಯಾವ ಶಾಯಿ ಯಾವ ವರ್ಷದ್ದು ಎಂದು ಹೇಳುವವರಿಲ್ಲ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು, ಕೈಬರಹದ್ದಕ್ಕೆ ಕಾನೂನಿನ ಬೆಲೆ ಹೋಯಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು, ಯಾರು ಯಾವಾಗ ಏನು ಬದಲಾಯಿಸಿದರು ಎಂಬುದು ಉಳಿಯುತ್ತಿತ್ತು. ಅದು ಸಣ್ಣ ಕೆಲಸವಲ್ಲ, ದೇಶವೇ ತಿರುಗಿ ನೋಡಿತು. ಆದರೆ ಒಂದು ಮಾತು ನೆನಪಿಡು: ಪುಸ್ತಕದಲ್ಲಿ ತಪ್ಪಿದ್ದದ್ದು ಕಂಪ್ಯೂಟರಿಗೆ ಏರಿದ ಮಾತ್ರಕ್ಕೆ ಸರಿಯಾಗಲಿಲ್ಲ. ತಪ್ಪು ಅಚ್ಚುಕಟ್ಟಾಗಿ ಮುದ್ರಣವಾಗಿ ಬಂತು, ಅಚ್ಚಿನಲ್ಲಿ ಬಂದದ್ದನ್ನು ಜನ ಪ್ರಶ್ನೆ ಮಾಡುವುದಿಲ್ಲ. ಪರದೆಯ ಮೇಲಿರುವುದೆಲ್ಲ ಯಾರೋ ಒಬ್ಬರು ಕೈಯಿಂದ ತುಂಬಿದ್ದು, ಅದನ್ನು ಅವರು ಯಾವುದೋ ಕಾಗದ ನೋಡಿ ತುಂಬಿದ್ದು.

ನೀನು ಇವತ್ತು ಸರ್ವೆ ನಂಬರ್ ಹಾಕಿ ಗುಂಡಿ ಒತ್ತಿದಾಗ ಏನಾಗುತ್ತದೆ? ನಿನ್ನ ಫೋನಿನಲ್ಲಿ ಪಹಣಿ ಇಲ್ಲ. ನಿನ್ನ ಪ್ರಶ್ನೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಟವರಿಗೆ ಹೋಗಿ, ಅಲ್ಲಿಂದ ನೆಲದೊಳಗಿನ ಕೇಬಲ್ ಹಿಡಿದು, ಸರ್ಕಾರದ ದತ್ತಾಂಶ ಕೇಂದ್ರದಲ್ಲಿ ಹಗಲು ರಾತ್ರಿ ಓಡುತ್ತಿರುವ ಕಂಪ್ಯೂಟರಿಗೆ ಮುಟ್ಟುತ್ತದೆ. ಅದೇ ಸರ್ವರ್. ಅದು ತನ್ನ ಕೋಷ್ಟಕಗಳಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಹುಡುಕಿ ಸಿಕ್ಕಿದ್ದನ್ನು ವಾಪಸ್ ಕಳಿಸುತ್ತದೆ. ಈ ದಾರಿ ತಿಳಿದಿದ್ದರೆ ಕೆಟ್ಟದ್ದು ಎಲ್ಲಿ ಎಂದು ಪತ್ತೆ ಹಚ್ಚಬಹುದು. ಬೇರೆ ಯಾವ ವೆಬ್‌ಸೈಟೂ ತೆರೆಯದಿದ್ದರೆ ತೊಂದರೆ ನಿನ್ನ ನೆಟ್‌ವರ್ಕಿನದು. ಬೇರೆಯೆಲ್ಲ ತೆರೆದು ಇದೊಂದೇ ತೆರೆಯದಿದ್ದರೆ ಸರ್ವರಿನದು, ಸಂಜೆ ಹೊತ್ತು ನೋಡು. ತೆರೆದು ‘ದಾಖಲೆ ಇಲ್ಲ’ ಎಂದರೆ ನೀನು ಕೊಟ್ಟ ನಂಬರಿನಲ್ಲೋ ಹಿಸ್ಸಾದಲ್ಲೋ ತಪ್ಪಿದೆ. ಹತ್ತಿರದ ರಾಮನಾಥಪುರದ ತಂಬಾಕು ಮಾರುಕಟ್ಟೆಯಲ್ಲಿ ಖರೀದಿದಾರರು ಕೈಯಲ್ಲೊಂದು ಯಂತ್ರ ಹಿಡಿದು ಬೆಲೆ ಒತ್ತುತ್ತಾರಲ್ಲ, ಆ ಇ-ಹರಾಜಿನ ಹಿಂದಿರುವುದೂ ಇದೇ ಏರ್ಪಾಟು. ಅಪ್ಪನ ಜೊತೆ ಹೋದಾಗ ನಿಂತು ನೋಡು.

ಇನ್ನು ಜಾಗದ ವಿಷಯ. ‘ಮೆಮೊರಿ ಫುಲ್’ ಎಂದು ಫೋನು ಕೂಗಿದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಅಳಿಸುತ್ತೀಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಕಂಪ್ಯೂಟರಿಗೆ ಗೊತ್ತಿರುವುದು ಇದೆ, ಇಲ್ಲ ಎಂಬ ಎರಡೇ ಸ್ಥಿತಿ. 1 ಮತ್ತು 0. ಅಂಥ ಎಂಟು ಸೇರಿದರೆ ಒಂದು ಬೈಟ್, ಅದರಲ್ಲಿ 256 ಬಗೆ ಬರೆಯಬಹುದು. ಕನ್ನಡದ ಒಂದು ಸಂಖ್ಯೆಗೆ ಸಾಮಾನ್ಯವಾಗಿ ಮೂರು ಬೈಟ್ ಬೇಕು, ಹಾಗಾಗಿ ನಮ್ಮ ಊರಿನ ಹೆಸರಿಗೆ 30 ಬೈಟ್. ದೊಡ್ಡ ಕಾದಂಬರಿ ಒಂದನ್ನು ಬರೀ ಅಕ್ಷರವಾಗಿ ಇಟ್ಟರೂ ಅದು ಕೆಲವೇ ಎಂಬಿ. ಜಾಗ ತಿನ್ನುವುದು ಚಿತ್ರ, ವಿಡಿಯೋ, ಧ್ವನಿ.

ಧ್ವನಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ನಮ್ಮ ಊರಿಗೆ ಬೇಕಾದದ್ದು. ತಂಬೂರಿಯ ತಂತಿ ಮೀಟಿದಾಗ ಗಾಳಿ ಕಂಪಿಸುತ್ತದೆ. ಆ ಕಂಪನ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಕಂಪ್ಯೂಟರು ಅಳೆದು ಬರೆದುಕೊಳ್ಳುತ್ತದೆ. ಸಿ.ಡಿ.ಯ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸಲ! ಯಾಕೆ ಅಷ್ಟು ಎಂದರೆ, ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೂ ಕೇಳಬಲ್ಲದು, ಅದನ್ನು ತಪ್ಪದೆ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಒಂದೊಂದು ಅಳತೆಗೂ ಎರಡು ಬೈಟ್, ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು. ಎಡ ಬಲ ಎರಡು ಕಡೆಗೆ ಲೆಕ್ಕ ಹಾಕಿದರೆ ಒಂದು ಗಂಟೆಯ ಕಛೇರಿಗೆ ಸುಮಾರು 635 ಎಂಬಿ. ಅದೇ ಕಛೇರಿಯನ್ನು ಸಾಧಾರಣ ಎಂಪಿ3 ಮಾಡಿದರೆ 58 ಎಂಬಿಗೆ ಇಳಿಯುತ್ತದೆ. ಉಳಿದದ್ದು ಎಲ್ಲಿ ಹೋಯಿತು? ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಆ ವಿಧಾನ ಎಸೆದುಬಿಡುತ್ತದೆ. ಎಸೆದದ್ದು ಮತ್ತೆ ಬರುವುದಿಲ್ಲ. ಎಂಪಿ3ಯನ್ನು ತಿರುಗಿ ವೇವ್ ಫೈಲು ಮಾಡಿದರೆ ಗಾತ್ರ ಹಿಗ್ಗುತ್ತದೆ, ಗಮಕದ ಸೂಕ್ಷ್ಮ ಹಿಂದಿರುಗುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾಗಲೂ ಹೀಗೇ ಕುಗ್ಗುತ್ತದೆ. ಕಚೇರಿಗೆ ಕೊಡಬೇಕಾದ ದಾಖಲೆಯನ್ನು ಅದಕ್ಕೇ ಫೋಟೋ ಆಗಿ ಕಳಿಸಬೇಡ, ಡಾಕ್ಯುಮೆಂಟ್ ಆಗಿ ಕಳಿಸು. ಸೀಲಿನ ಅಕ್ಷರ ಓದಲು ಬರುತ್ತದೆ.

ನಿನ್ನ ಫೋನಿನ ಶ್ರುತಿಯ ಆ್ಯಪ್‌ಗೂ ಒಂದು ಹಿರಿತನವಿದೆ. 1979ರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅವರು ಎಂಜಿನಿಯರ್, ಕೊಳಲು ನುಡಿಸುವವರೂ ಹೌದು. ಸಂಗೀತ ಗೊತ್ತಿದ್ದವರ ಕೈಗೆ ಎಲೆಕ್ಟ್ರಾನಿಕ್ಸ್ ಸಿಕ್ಕಿದ್ದರಿಂದ ಆ ಪೆಟ್ಟಿಗೆ ಹುಟ್ಟಿತು. ನೀನು ಸಂಗೀತವನ್ನೋ ವ್ಯವಸಾಯವನ್ನೋ ಬಿಟ್ಟು ಕಂಪ್ಯೂಟರಿಗೆ ಹೋಗಬೇಕು ಅಂತ ಯಾರಾದರೂ ಹೇಳಿದರೆ ಈ ಹೆಸರು ನೆನಪು ಮಾಡಿಕೋ.

ಉಳಿಸುವುದು ಹೇಗೆ ಎಂಬುದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ನೀನು ಬರೆಯುತ್ತಿರುವಾಗ ಬರಹ ಇರುವುದು ರ‍್ಯಾಮ್ ಎಂಬ ಮೇಜಿನ ಮೇಲೆ, ಕರೆಂಟ್ ಹೋದರೆ ಅದು ಖಾಲಿ. ಸೇವ್ ಮಾಡಿದರೆ ಡಿಸ್ಕಿಗೆ ಇಳಿಯುತ್ತದೆ, ಅಲ್ಲಿ ಕರೆಂಟಿಲ್ಲದೆಯೂ ಉಳಿಯುತ್ತದೆ. ನಮ್ಮ ಕಡೆ ಕರೆಂಟಿನ ಆಟ ನಿನಗೇ ಗೊತ್ತು, ಎರಡು ಸಾಲಿಗೊಮ್ಮೆ ಕಂಟ್ರೋಲ್ ಹಿಡಿದು ಎಸ್ ಒತ್ತುವುದು ಬೆರಳಿಗೆ ತಾನಾಗಿ ಬರಲಿ. ಫೈಲಿಗೆ ಹೆಸರಿಡುವಾಗ ‘ಹೊಸದು’, ‘ಫೈನಲ್’, ‘ಫೈನಲ್ ಎರಡು’ ಎಂದೆಲ್ಲ ಇಡಬೇಡ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಯಾರದು, ಏನು. ಹಾಗಿಟ್ಟರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮುಖ್ಯವಾದದ್ದಕ್ಕೆ ಎರಡು ಪ್ರತಿ, ಎರಡು ಬೇರೆ ಜಾಗದಲ್ಲಿ. ಒಂದೇ ಬ್ಯಾಗಿನಲ್ಲಿರುವ ಲ್ಯಾಪ್‌ಟಾಪು, ಪೆನ್‌ಡ್ರೈವು ಎರಡು ಜಾಗ ಆಗುವುದಿಲ್ಲ. ಕ್ಲೌಡ್ ಎನ್ನುವುದೂ ಆಕಾಶದಲ್ಲಿಲ್ಲ, ಯಾವುದೋ ಕಂಪನಿಯ ಕಟ್ಟಡದಲ್ಲಿರುವ ಕಂಪ್ಯೂಟರು. ನಿನ್ನ ಪಾಸ್‌ವರ್ಡ್ ಮರೆತರೆ ಅದರ ಬಾಗಿಲು ನಿನಗೂ ಮುಚ್ಚಿದಂತೆ.

ಫೈಲಿನ ಹೆಸರಿನ ಬಾಲ ನೋಡುವುದನ್ನು ಮಾತ್ರ ಕಡ್ಡಾಯವಾಗಿ ರೂಢಿಸಿಕೋ. ಚುಕ್ಕೆಯ ಆಚೆ ಜೆಪಿಜಿ ಇದ್ದರೆ ಚಿತ್ರ, ಪಿಡಿಎಫ್ ಇದ್ದರೆ ದಾಖಲೆ. ಎಪಿಕೆ ಇದ್ದರೆ ಅದು ಫೋನಿನೊಳಗೆ ನೆಲೆಯೂರುವ ಪ್ರೋಗ್ರಾಂ. ಮದುವೆಯ ಆಮಂತ್ರಣ ಎಂದು, ಟ್ರಾಫಿಕ್ ದಂಡದ ಚಲನ್ ಎಂದು, ಬ್ಯಾಂಕಿನ ಕೆವೈಸಿ ಎಂದು ವಾಟ್ಸಾಪಿನಲ್ಲಿ ಇಂಥವು ಬರುತ್ತಿವೆ. ಆಮಂತ್ರಣ ಪತ್ರಿಕೆ ಯಾಕೆ ಪ್ರೋಗ್ರಾಂ ಆಗಿರಬೇಕು? ಒಳಗೆ ಬಿಟ್ಟುಕೊಂಡರೆ ಅದು ಬರುವ ಎಸ್ಸೆಮ್ಮೆಸ್ಸುಗಳನ್ನು, ಒಟಿಪಿಗಳನ್ನು ತಾನೇ ಓದಿ ಕಳ್ಳರಿಗೆ ದಾಟಿಸುತ್ತದೆ.

ವಿಳಾಸ ಓದುವುದೂ ಹೀಗೇ. ಸರ್ಕಾರಿ ಜಾಲತಾಣದ ವಿಳಾಸ ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ಕೊನೆ ಎಂದರೆ ಮೊದಲ ಒಂಟಿ ಓರೆಗೀಟಿಗೆ ಮುಂಚಿನ ಭಾಗ. ಕಳ್ಳರು ಆ ಅಕ್ಷರಗಳನ್ನು ವಿಳಾಸದ ನಡುವೆ ತುರುಕಿ, ಅದರ ಮುಂದೆ ಇನ್ನೊಂದು ಚುಕ್ಕೆ ಇಟ್ಟು ತಮ್ಮ ಹೆಸರು ಸೇರಿಸುತ್ತಾರೆ. ಓರೆಗೀಟು ಹುಡುಕಿ, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದು. ಮನೆಯ ಯಜಮಾನ ಯಾರೆಂಬುದು ಬಲಗಡೆಯ ತುದಿಯಲ್ಲಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಊರಿನ ಹಿರಿಯರು ಫೋನನ್ನು ನಿನ್ನ ಕೈಗೆ ಕೊಟ್ಟು ಎತ್ತಲೋ ನೋಡುತ್ತಾ ಕೂರುತ್ತಾರೆ. ಪಿನ್ ಏನಜ್ಜಿ ಅಂದರೆ ನಾಲ್ಕು ಅಂಕಿಯನ್ನು ಜಗುಲಿಗೆಲ್ಲ ಕೇಳುವಂತೆ ಹೇಳುತ್ತಾರೆ. ನಿನ್ನ ಮೇಲಿನ ನಂಬಿಕೆ ಅದು, ಆದರೂ ಅದನ್ನು ಸ್ವೀಕರಿಸಬೇಡ. ‘ಅಜ್ಜಿ, ಇದನ್ನು ನೀವೇ ಒತ್ತಿ, ನಾನು ಆಚೆ ತಿರುಗ್ತೀನಿ’ ಅನ್ನು. ಒತ್ತಲು ಬಾರದಿದ್ದರೆ ಬರುವ ತನಕ ಕಲಿಸು. ತಡವಾಗುತ್ತದೆ, ಆಗಲಿ. ನಾಳೆ ಅವರ ಖಾತೆಯಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿಯಾದರೆ ಪಿನ್ ಗೊತ್ತಿರುವ ಪ್ರತಿಯೊಬ್ಬರ ಮೇಲೂ ಅನುಮಾನ ಬರುತ್ತದೆ, ಒಂದೇ ಬೀದಿಯಲ್ಲಿ ಬಾಳಬೇಕಾದವರು ನೀವು. ಯಾರದೇ ಆಧಾರ್ ಪ್ರತಿ ನಿನ್ನ ಫೋನಿಗೆ ಬಂದರೆ ಕೆಲಸ ಮುಗಿದ ಕೂಡಲೇ ಅವರೆದುರಿಗೇ ಅಳಿಸು. ಗ್ಯಾಲರಿಯಿಂದ ಅಳಿಸಿದರೆ ಸಾಲದು, ಕಸದ ಬುಟ್ಟಿಯ ಫೋಲ್ಡರಿನಲ್ಲಿ ಇನ್ನಷ್ಟು ದಿನ ಉಳಿದಿರುತ್ತದೆ, ಅಲ್ಲಿಂದಲೂ ತೆಗೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ಲಾಗೌಟ್ ಮಾಡಿ ಎದ್ದು ಬಾ.

ಅವರಿಗೆ ಈ ನಾಲ್ಕು ಮಾತು ಮತ್ತೆ ಮತ್ತೆ ಹೇಳುತ್ತಿರು. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ, ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಒಟಿಪಿಯನ್ನು ಫೋನ್ ಮಾಡಿದವರಿಗೆ ಹೇಳಬಾರದು. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ಹಾಕಿಕೊಂಡು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ, ಫೋನ್ ಇಡಬಹುದು. ದುಡ್ಡು ಹೋಗಿಯೇ ಬಿಟ್ಟರೆ ನಾಚಿಕೆಪಟ್ಟು ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಹೇಳಿದರೆ ಹಣವನ್ನು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಬೆರಳಚ್ಚಿನ ವಿಷಯದಲ್ಲೂ ಎಚ್ಚರ ಬೇಕು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳ ಗುರುತನ್ನು ಕದ್ದು, ಆಧಾರ್ ಜೋಡಿಸಿದ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಹೊರಬಂದವು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು, ಬೆರಳನ್ನು ಏನು ಮಾಡುತ್ತೀ? ಆಧಾರಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ. ಮನೆಯವರದ್ದು ಮೊದಲು ಮಾಡು, ಬೇಕಾದಾಗ ತೆರೆದು ಮತ್ತೆ ಮುಚ್ಚುವುದನ್ನೂ ತೋರಿಸಿಕೊಡು. ರೇಷನ್ ಅಂಗಡಿಯಲ್ಲಿ ಬೆರಳು ಇಡಬೇಕಾದ ದಿನ ಲಾಕ್ ಇದ್ದರೆ ಒಪ್ಪುವುದಿಲ್ಲ, ಅದನ್ನು ಹೇಳಲು ಮರೆಯಬೇಡ.

ಕೃತಕ ಬುದ್ಧಿಮತ್ತೆಯ ಬಗ್ಗೆ ನೀನು ಕೇಳಿದ್ದೆ. ಬಳಸು, ಅರ್ಜಿಯ ಕರಡು ಚೆನ್ನಾಗಿಯೇ ಬರೆದುಕೊಡುತ್ತದೆ. ಆದರೆ ಅದು ಮುಂದಿನ ಪದ ಯಾವುದಿರಬಹುದು ಎಂದು ಅಂದಾಜು ಮಾಡುತ್ತಾ ಹೋಗುವ ಲೆಕ್ಕ. ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಧೈರ್ಯವಾಗಿ ಹೇಳುತ್ತದೆ. ಯೋಜನೆಯ ಕೊನೆಯ ದಿನಾಂಕ, ಔಷಧಿಯ ಪ್ರಮಾಣ, ಕಾನೂನಿನ ಕಲಂ ಇವನ್ನು ಅದರ ಬಾಯಿಂದ ಕೇಳಿ ಇನ್ನೊಬ್ಬರಿಗೆ ದಾಟಿಸಬೇಡ, ಮೂಲ ಆದೇಶ ತೆರೆದು ಓದು.

ಕೋರ್ಸು ಶುರುವಾಗುವ ತನಕ ದಿನಕ್ಕೆ ಅರ್ಧ ಗಂಟೆ ಕನ್ನಡ ಟೈಪಿಂಗ್ ಮಾಡು, ಕೀಲಿಮಣೆ ನೋಡದೆ. ಜೊತೆಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಮ್ಮ ಅಟ್ಟದ ಮೇಲೆ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆ ಇದೆ, ಊರಿನ ಉತ್ಸವಗಳಲ್ಲಿ, ಮದುವೆ ಮುಂಜಿಗಳಲ್ಲಿ ನಮ್ಮವರು ಹಾಡಿದ್ದು. ಬೇರೆ ಮನೆಗಳಲ್ಲೂ ಇರುತ್ತದೆ, ಕೇಳಿ ನೋಡು. ಟೇಪಿನ ಕಾಂತದ ಪುಡಿ ವರ್ಷದಿಂದ ವರ್ಷಕ್ಕೆ ಉದುರುತ್ತದೆ, ಇನ್ನು ಬಹಳ ದಿನ ಕಾಯುವಂತಿಲ್ಲ. ಓಡುವ ಒಂದು ಟೇಪ್‌ರೆಕಾರ್ಡರ್ ಹುಡುಕಿ, ಅದರ ಹೆಡ್ಡನ್ನು ಒರೆಸಿ, ಹೆಡ್‌ಫೋನ್ ತೂತಿನಿಂದ ವೈರು ಎಳೆದು ಕಂಪ್ಯೂಟರಿನ ಧ್ವನಿ ಸೇರಿಸುವ ತೂತಿಗೆ ಕೊಡು. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಮೊದಲು ವೇವ್ ಆಗಿ ಉಳಿಸು, ಅದೇ ಮೂಲಪ್ರತಿ. ಹಂಚುವುದಕ್ಕೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೋ. ಮುಳ್ಳು ಕೆಂಪಿಗೆ ಹೋಗದಂತೆ ಸದ್ದು ಇಡು, ಮೇಲಿನ ಷಡ್ಜದಲ್ಲಿ ಒಡೆದರೆ ಮತ್ತೆ ಸರಿಪಡಿಸಲಾಗದು. ಹಾಡಿದವರ ಹೆಸರು, ರಾಗ, ತಾಳ, ಸಂದರ್ಭ ಎಲ್ಲ ಯೂನಿಕೋಡ್ ಕನ್ನಡದಲ್ಲಿ ಬರೆದಿಡು. ರಾಗ ಗುರುತು ಸಿಗದಿದ್ದರೆ ಹಿರಿಯರಿಗೆ ಕೇಳಿಸಿ ಬರೆದುಕೋ. ವರ್ಷ ಯಾರಿಗೂ ನೆನಪಿಲ್ಲದಿದ್ದರೆ ಊಹಿಸಿ ತುಂಬಬೇಡ, ‘ವರ್ಷ ತಿಳಿಯದು’ ಎಂದೇ ಬರೆ. ಒಂದು ಪ್ರತಿ ಇಲ್ಲಿರಲಿ, ಇನ್ನೊಂದನ್ನು ಡಿಸ್ಕಿನಲ್ಲಿ ಹಾಕಿ ಬೆಂಗಳೂರಿನ ನಿಮ್ಮ ಚಿಕ್ಕಪ್ಪನ ಮನೆಗೆ ಕಳಿಸು. ಪೆಟ್ಟಿಗೆಯ ಬೀಗದಕೈ ದೇವರಮನೆಯ ಗೂಟದಲ್ಲಿದೆ, ಭಾನುವಾರವೇ ಬಂದು ಇಳಿಸಿಕೋ.